ಕೊನೆಯ ತಗಡು

ತಗಡನ್ನು ಬೋರಲು ಹಾಕಿಕೊಂಡು ಗ್ರಿಜೆಲ್ ಸುತ್ತಿಗೆಯಿಂದ ಬಡಿಯುತ್ತಿದ್ದಳು. ಪಕ್ಕದ ಕೋಣೆಯಲ್ಲಿ ಗಂಡ ಗ್ಯಾವಿನ್ ಇಮ್ರಿಯ ಶವಪೆಟ್ಟಿಗೆ ಇತ್ತು. ಹೊರುವವರು ಒಬ್ಬೊಬ್ಬರಾಗಿ ಮೆಟ್ಟಿಲು ಹತ್ತಿ ಬರುತ್ತಿದ್ದರು.

ತವರದ ತಗಡಿನಲ್ಲಿ ಸ್ವರಗಳನ್ನು ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿ ಕೊರೆದು ಹಾಡು ಅಚ್ಚು ಹಾಕುವುದು ಆ ಮನೆಯ ಕಸುಬು. ತಪ್ಪಾದಲ್ಲಿ ಹಿಂದಿನಿಂದ ಬಡಿದು, ಗುಳಿ ಎಬ್ಬಿಸಿ, ಉಜ್ಜಿ ನುಣುಪು ಮಾಡುವುದು ಗ್ರಿಜೆಲ್ ಪಾಲಿನ ಕೆಲಸ. ಸ್ವರ ಓದಲು ಅವಳಿಗೆ ಬಾರದು. ಗಂಡ ಗುರುತು ಹಾಕಿದಲ್ಲಿ ಬಡಿಯುವಳು. ಇವತ್ತು ಗುರುತು ಬೇಕಿರಲಿಲ್ಲ, ಇಡೀ ತಗಡನ್ನೇ ಅಳಿಸುತ್ತಿದ್ದಳು. ಗ್ಯಾವಿನ್ ಕೊನೆಗೆ ಕೊರೆದ ಹಾಡು ಇದು. ಮೀನು ಮಾರುವ ಬೆಥಿಯಾಳದೇ ಎಂದು ಅವಳಿಗೆ ಖಾತ್ರಿಯಿತ್ತು.

ಮೈದುನ ವಾಲ್ಟರ್ ಇಣುಕಿದ. “ಅತ್ತಿಗೆ, ಇವತ್ತಾದ್ರೂ ಸುತ್ತಿಗೆ ಕೆಳಗಿಡಿ. ಜನ ಕೇಳಿಸ್ಕೋತಿದಾರೆ.”

“ಅವಳು ಬಂದಿದಾಳಾ?”

“ಮೂಲೇಲಿ ಕೂತಿದಾಳೆ.”

ಕೆಳಗಿನ ಸಾಲು ಇನ್ನೂ ಉಳಿದಿತ್ತು. ಅವಳು ಕೈ ಒರೆಸಿಕೊಂಡು ಎದ್ದಳು.

ಹೊರಗೆ, ಸಾವಿನ ಮನೆಯ ಪದ್ಧತಿಯಂತೆ, ವೈನು, ಕೇಕು ಹಂಚುತ್ತಿದ್ದರು. ಎದುರಂಗಡಿಯ ಮುದ್ರಕ ಲಾರಿಮರ್ ಎರಡನೇ ಲೋಟ ಹಿಡಿದು ಗೊಣಗುತ್ತಿದ್ದ. ಬೀದಿಯ ಹಾಡಿಗೆ ದೊಡ್ಡ ಮನೆ ಹೆಂಗಸರ ಹೆಸರಿಟ್ಟರೆ ಅವರೇ ಪುಸ್ತಕ ಕೊಳ್ಳುತ್ತಾರೆಂದು ಗ್ಯಾವಿನ್‌ಗೆ ಹೊಳೆದಂತೆ ತನಗೇಕೆ ಹೊಳೆಯಲಿಲ್ಲ ಎಂಬುದು ಅವನ ಸಂಕಟ.

“ಹೊಳೆದಿದ್ರೂ ಏನಂತೆ? ನಿನ್ನ ಪಿಟೀಲು ಕೇಳಿದ್ರೆ ಅವರು ಊರೇ ಬಿಡ್ತಿದ್ರು,” ಎಂದ ವಾಲ್ಟರ್.

*

ಬೆಥಿಯಾ ಬರುತ್ತಿದ್ದುದು ಗುರುವಾರ, ನ್ಯೂಹೇವನ್ ಕಡಲಿಂದ ಬುಟ್ಟಿ ಹೊತ್ತುಕೊಂಡು. ಬೀದಿಯ ಗದ್ದಲವೆಂದು ಗ್ಯಾವಿನ್ ಒಳಕೋಣೆಯ ಕದ ಹಾಕುವನು. ಅವಳು ಹಾಡುವಳು, ಇವನು ಪಿಟೀಲಿನಲ್ಲಿ ಹಿಡಿಯುವನು. ಅಚ್ಚಿನ ಯಂತ್ರ ತಿರುಗಿಸುತ್ತ ಗ್ರಿಜೆಲ್ ಕದವನ್ನೇ ನೋಡುವಳು. ಸಂಜೆ ಅವನ ಕೋಟು ಮೀನು ನಾರುತ್ತಿತ್ತು. ಮೀನು ಕೊಂಡಿದ್ದೂ ನಿಜವೇ. ಆದರೆ ಗ್ರಿಜೆಲ್ ಹೊಟ್ಟೆಯುರಿ ತಣಿಯುತ್ತಿರಲಿಲ್ಲ.

ಮದುವೆಯ ಹೊಸದರಲ್ಲಿ ಅವಳೂ ಹಾಡಿದ್ದುಂಟು. ಒದ್ದೆ ಹಾಳೆಗಳನ್ನು ಹಗ್ಗಕ್ಕೆ ಹಾಕುತ್ತ, ಅಜ್ಜಿಯಿಂದ ಬಂದ ಒಂದೇ ಹಾಡು. “ಕೊನೇಲಿ ಸ್ವರ ಬಿಟ್ಟು ಜಾರ್ತೀಯಲ್ಲೇ,” ಎಂದು ಗ್ಯಾವಿನ್ ನಕ್ಕಿದ್ದ. ಅವತ್ತೇ ಬಾಯಿ ಮುಚ್ಚಿದಳು. ಆಮೇಲೆ ಅವನೇ ಹಾಡೆಂದು ಗೋಗರೆದರೆ, “ನಿಮ್ಮ ಮೀನಿನವಳ ಹತ್ರ ಹಾಡಿಸ್ಕೊಳ್ಳಿ,” ಅನ್ನುವಳು.

*

ಹೆಂಗಸರು ಮಣ್ಣಿಗೆ ಹೋಗುವಂತಿಲ್ಲ. ಗಂಡಸರು ಪೆಟ್ಟಿಗೆ ಹೊತ್ತು ಇಳಿದ ಮೇಲೆ, ಕೇಕಿನ ಚೂರುಗಳ ನಡುವೆ ಗ್ರಿಜೆಲ್, ಬೆಥಿಯಾ ಇಬ್ಬರೇ ಉಳಿದರು.

“ಆ ಹಾಡು ಮುಗಿಸಿದ್ರಾ ಅಮ್ಮಾವ್ರೇ, ಧಣಿಗಳು?” ಬೆಥಿಯಾ ಕೇಳಿದಳು.

“ನಿಂದು ತಾನೆ? ಇನ್ನು ಅಚ್ಚಾಗಲ್ಲ ಬಿಡು.”

“ನಂದಾಗಿದ್ರೆ ಯಾಕೆ ಉರಿ ನಂಗೆ? ಇಷ್ಟು ವರ್ಷ ಹಾಡು ಕೊಟ್ಟೆ. ಒಂದಕ್ಕಾದ್ರೂ ನನ್ನ ಹೆಸರು ಹಾಕಿ ಅಂದ್ರೆ ನಗೋರು. ಈ ಹಾಡು ಅವರೇ ನುಡಿಸಿ ನನ್ನ ಕೈಲಿ ಹಾಡಿಸೋರು. ಕೊನೇಲಿ ಇನ್ನೂ ಜಾರ್ಬೇಕು, ಹಂಗಲ್ಲ, ಮತ್ತೆ ಹಾಡು ಅನ್ನೋರು. ಯಾವ ಮಹಾರಾಯ್ತಿಗೆ ಇಷ್ಟೆಲ್ಲ ಅಂದ್ರೆ ಬಾಯೇ ಬಿಡ್ಲಿಲ್ಲ. ನಿಮಗೆ ಗೊತ್ತಾ ಅವಳು?”

ಗ್ರಿಜೆಲ್ ಮುಖ ಗಂಟಿಕ್ಕಿ, “ಹಾಡು ನೋಡೋಣ,” ಎಂದಳು.

ಬೆಥಿಯಾ ಹಾಡಿದಳು. ಎರಡನೇ ಸಾಲಿಗೇ ಗ್ರಿಜೆಲ್ ಎದ್ದು ಹೋಗಿ ತಗಡು ತಂದು ಕಿಟಕಿಯ ಬೆಳಕಿಗೆ ಹಿಡಿದಳು. ಹಾಡಿನ ತಲೆಯ ಮೇಲೆ ಹೆಸರಿನ ಜಾಗವನ್ನು ಗ್ಯಾವಿನ್ ಹಾಗೇ ಬಿಟ್ಟಿದ್ದ. ಅದರ ಕೆಳಗೆಲ್ಲ ಅವಳೇ ಬಡಿದು ಎಬ್ಬಿಸಿದ ಉಬ್ಬುತಗ್ಗು. ಅಡಿಯ ಒಂದು ಸಾಲು ಮಾತ್ರ ಉಳಿದಿತ್ತು.

“ನಿಲ್ಲಿಸ್ಬೇಡ,” ಎಂದಳು.

“ಕೊನೇದು ನಂಗೆ ಬರಲ್ಲ ಅಮ್ಮಾವ್ರೇ. ಅವರಿಗೆ ಸಮಾಧಾನ ಆಗ್ಲೇ ಇಲ್ಲ.”

ಗ್ರಿಜೆಲ್ ಉಳಿದ ಸಾಲಿನ ಮೇಲೆ ಉಗುರಿಟ್ಟಳು. ತಗಡಿನಲ್ಲಿ ಹಾಡು ಸಾಗುವುದು ಬಲದಿಂದ ಎಡಕ್ಕೆ. ಉಗುರು ಒಂದೊಂದೇ ಗುಳಿಗೆ ಇಳಿದು ಹತ್ತುತ್ತ ಅಂಚಿನತ್ತ ಹೋಯಿತು. ಅದರ ಜೊತೆಗೆ, ಒಡಕು ದನಿಯಲ್ಲಿ, ಅವಳು ಹಾಡುತ್ತ ಜಾರತೊಡಗಿದಳು.