ಹೆಚ್ಚಾದ ಸ್ಪ್ಯಾನರ್

ಒಂದು ಕಡಿಮೆಯಾದರೆ ಏನು ಮಾಡಬೇಕೆಂದು ಆ ವಿಮಾನಗಳ ಮ್ಯೂಸಿಯಂನಲ್ಲಿ ಎಲ್ಲರಿಗೂ ಗೊತ್ತಿತ್ತು. ಷೆಡ್ಡಿನ ಗೋಡೆಯ ಹಲಗೆಯ ಮೇಲೆ ಪ್ರತಿಯೊಂದು ಸ್ಪ್ಯಾನರಿಗೂ ಇಕ್ಕಳಕ್ಕೂ ಅದರದೇ ಆಕಾರದ ಕಪ್ಪು ಗುರುತಿದೆ, ಸಾಮಾನಿನ ಮೇಲೆ ಅದರದೇ ನಂಬರಿದೆ. ಹಾರುವ ಮುಂಚೆ ಒಂದು ಗುರುತು ಖಾಲಿ ಕಂಡಿತೋ, ಮುಗಿಯಿತು, ಹಳೇ ಯುದ್ಧವಿಮಾನ ನೆಲ ಬಿಡುವಂತಿಲ್ಲ. ಒಳಗೆ ಬಿದ್ದ ಸಾಮಾನು ವಿಮಾನ ತಿರುಗಿಸುವ ಹಿಡಿಕೆಯ ಸರಳಿಗೆ ಸಿಕ್ಕಿಕೊಂಡರೆ ಪೈಲಟ್‌ನ ಕಥೆ ಅಷ್ಟೇ. ಸರಿ, ಒಂದು ಹೆಚ್ಚಾದರೆ? ಅದಕ್ಕೆ ಯಾವ ಪುಣ್ಯಾತ್ಮನೂ ನಿಯಮ ಬರೆದಿಟ್ಟಿರಲಿಲ್ಲ.

ಪೈಲಟ್‌ನ ತಂಗಿಯಾದ್ದರಿಂದ ಮೆಕ್ಯಾನಿಕ್‌ಗೆ ಇಡೀ ಷೆಡ್ಡಿನಲ್ಲಿ ‘ತಂಗಿ’ ಎಂದೇ ಹೆಸರು. ಆ ಬೆಳಿಗ್ಗೆ ಅಣ್ಣ ಕೂರುವ ಸೀಟಿನ ಕೆಳಗೆ ಟಾರ್ಚ್ ಬಿಟ್ಟು ನೋಡುವಾಗ ಸರಳಿನ ಹಿಂದೆ, ಸಂದಿಯ ಆಳದಲ್ಲಿ ಒಂದು ಸಣ್ಣ ಸ್ಪ್ಯಾನರ್ ಕಂಡಿತು. ತಾನೇ ಬೀಳಿಸಿದೆ ಎಂದುಕೊಂಡು, ತನ್ನನ್ನು ತಾನೇ ಬೈದುಕೊಂಡು, ಒರೆಸಿ, ಹಲಗೆಗೆ ತೂಗುಹಾಕಲು ಹೋದಳು. ಜಾಗ ಖಾಲಿ ಇರಲಿಲ್ಲ. ಹದಿನೇಳನೇ ನಂಬರಿನ ಸ್ಪ್ಯಾನರ್ ತನ್ನ ಗುರುತಿನ ಮೇಲೆ ಗಂಭೀರವಾಗಿ ನೇತಾಡುತ್ತಿತ್ತು. ಕೈಯಲ್ಲಿದ್ದುದರ ಮೇಲೂ ಹದಿನೇಳು.

ಇದೊಳ್ಳೆ ಪೀಕಲಾಟವಾಯಿತಲ್ಲ! ಮೂರು ಸಲ ಎಣಿಸಿದಳು. ಹಲಗೆ ಪೂರ್ತಿ ತುಂಬಿದೆ, ಕೈಯೂ ತುಂಬಿದೆ. ಕಳೆದದ್ದನ್ನಾದರೂ ಹುಡುಕಬಹುದು, ಕಳೆಯದೇ ಇದ್ದದ್ದು ಸಿಕ್ಕರೆ ಏನು ಹುಡುಕಬೇಕು? ಹೊರಗೆ ಹಾರಾಟ ನೋಡಲು ಜನ ಸೇರುತ್ತಿದ್ದರು. ಹಲಗೆ ಸರಿಯಿದೆ, ಹಾರಬಹುದು ಎನ್ನುವ ರಿಜಿಸ್ಟರಿನಲ್ಲಿ ಅವಳ ಸಹಿಯೊಂದು ಬಾಕಿ.

ಎರಡನ್ನೂ ಕಿಟಕಿಯ ಬೆಳಕಿಗೆ ಹಿಡಿದಳು. ವಿಮಾನದೊಳಗೆ ಸಿಕ್ಕಿದ್ದರ ಮೇಲೆ ಅಂಕಿಗಳು ಯಂತ್ರದಲ್ಲಿ ಕೊರೆದಷ್ಟು ನೀಟಾಗಿದ್ದವು. ಹಲಗೆಯದರ ಮೇಲಿನವು ಕೈಯಲ್ಲಿ ಕೊರೆದವು, ಏಳರ ನಡುವೆ ಒಂದು ಅಡ್ಡಗೆರೆ ಬೇರೆ. ಏಳಕ್ಕೆ ಹಾಗೆ ಗೆರೆ ಎಳೆಯುವವರು ಈ ಷೆಡ್ಡಿನಲ್ಲಿ ಒಬ್ಬರೇ ಇದ್ದರು. ಹೋದ ವರ್ಷದವರೆಗೂ ಹೆಡ್ ಮೆಕ್ಯಾನಿಕ್ ಆಗಿದ್ದ ಅವಳ ಅಪ್ಪ.

ಮೂರು ವರ್ಷದ ಹಿಂದೆ, ಪ್ರದರ್ಶನದ ಮುಂಚೆ, ಇದೇ ಸ್ಪ್ಯಾನರ್ ಕಾಣೆಯಾಗಿತ್ತು. ಎರಡು ದಿನ ಎಲ್ಲರೂ ತಡಕಾಡಿದ್ದರು. ಮೂರನೇ ದಿನ ಅಪ್ಪ, ನನ್ನ ಕೋಟಿನ ಜೇಬಲ್ಲೇ ಇತ್ತು ಕಣ್ರೋ ಎಂದು ನಗುತ್ತಾ ಬಂದಿದ್ದರು. ಎಲ್ಲರೂ ಚಪ್ಪಾಳೆ ತಟ್ಟಿದ್ದರು. ಅಣ್ಣ ಹಾರಿದ್ದ. ಆಮೇಲೂ ಎಷ್ಟು ಸಲ! ಅಂದರೆ ಅಪ್ಪ ತಂದದ್ದು ನಂಬರು ಕೊರೆದ ಬೇರೆ ಸ್ಪ್ಯಾನರೇ? ಇಲ್ಲ, ಅಪ್ಪ ಹಾಗೆ ಮಾಡುವವರಲ್ಲ, ತನಗೇ ಎಲ್ಲೋ ಲೆಕ್ಕ ತಪ್ಪಿರಬೇಕು ಎಂದು ಅವಳು ಇನ್ನೊಮ್ಮೆ ಎಣಿಸಿದಳು.

ಅಪ್ಪ ಈಗ ಗ್ಯಾಲರಿಯಲ್ಲಿ ಬಂದವರಿಗೆ ವಿಮಾನಗಳ ಕಥೆ ಹೇಳುತ್ತಾರೆ. ಅದೇ ಅವರ ಉಸಿರು. ತಾನು ಬಾಯಿಬಿಟ್ಟರೆ ಅದು ಹೋಗುತ್ತದೆ, ಮಗನ ಮುಂದೆ ಮಾನವೂ ಹೋಗುತ್ತದೆ. ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ, ವಿಮಾನವೂ ಮೂರು ವರ್ಷದಲ್ಲಿ ಇವತ್ತೇ ಮೊದಲ ಬಾರಿಗೆ ಸುರಕ್ಷಿತ. ಆದರೆ ಸುಳ್ಳು ಹಲಗೆಯ ಕೆಳಗೆ ಸಹಿ ಹಾಕುವುದು ಹೇಗೆ? ಅತ್ತ ದರಿ, ಇತ್ತ ಪುಲಿ. ಸ್ಪ್ಯಾನರನ್ನು ಹಿಡಿದುಕೊಂಡೇ ಗ್ಯಾಲರಿಗೆ ನಡೆದಳು.

ಅಪ್ಪ ಅದನ್ನು ನೋಡಿದರು. ಇದೇನು ಎಂದು ಕೇಳಲಿಲ್ಲ.

“ಎಲ್ಲಿ ಸಿಕ್ತು?” ಎಂದರು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗಾಯಿತು. “ಅಣ್ಣನ ಸೀಟಿನ ಕೆಳಗೆ” ಎಂದಳು.

ಅಪ್ಪನ ಮುಖದ ಬಣ್ಣ ಇಳಿಯಿತು. ಅಲ್ಲೇ ಕುಸಿದು ಕೂತರು. ಎಲ್ಲೋ ಹುಲ್ಲಲ್ಲಿ ಬಿದ್ದಿರುತ್ತದೆ ಎಂದುಕೊಂಡಿದ್ದರಂತೆ. ಮಗ ಹಾರಿ ಇಳಿಯುವವರೆಗೂ ಪ್ರತಿಸಲ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದರಂತೆ. ಹಾಗಿದ್ದೂ ಹೇಳಲಿಲ್ಲವಲ್ಲ ಎಂದು ಅವಳಿಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂದವು.

“ಆಫೀಸಿಗೆ ಹೇಳಮ್ಮ. ಅವ್ನಿಗೆ ಮಾತ್ರ ಹೇಳ್ಬೇಡ.”

ಅವಳು ವಿಮಾನದತ್ತ ನಡೆದಳು. ಹೊರಗೆ ಅಣ್ಣ ಆಗಲೇ ವಿಮಾನ ಹತ್ತಿ ಕುಳಿತು, ಸಹಿ ಆಯಿತೇ ಎಂದು ಹೆಬ್ಬೆರಳು ಎತ್ತಿ ಕೇಳುತ್ತಿದ್ದ. ಏಣಿ ಹತ್ತಿ ಅವನ ಭುಜದ ಪಟ್ಟಿ ಬಿಚ್ಚಿದಳು.

“ಇಳಿ ಅಣ್ಣ, ಇವತ್ತು ಹಾರೋದಿಲ್ಲ.”

“ಯಾಕೆ, ಏನಾಯ್ತು?”

“ಅಪ್ಪ ಹೇಳ್ತಾರೆ” ಎಂದಳು. ತಿರುಗಿ ನೋಡಿದರೆ ಗ್ಯಾಲರಿಯ ಬಾಗಿಲಲ್ಲಿ ಅಪ್ಪ ನಿಂತಿದ್ದರು. ಮುಂದೆ ಒಂದು ಹೆಜ್ಜೆ ಇಟ್ಟರು, ಮತ್ತೆ ನಿಂತರು.