ಗರಿಕೆ ಹಾಕದ ನೀರು

ನಾನೊಂದು ಕಡಲ ಹೂವು. ಹೂವೆನ್ನುವುದು ಜನರ ಬಾಯಲ್ಲಿ. ಅಸಲಿಗೆ ನಾನು ಪ್ರಾಣಿ. ಒಂದು ಕಾಲು, ಒಂದು ಬಾಯಿ, ಬಾಯಿಯ ಸುತ್ತ ಮೆತ್ತನೆಯ ನೂರಾರು ಬೆರಳು, ಬೆರಳ ತುದಿಯಲ್ಲಿ ವಿಷ. ಕಣ್ಣಿಲ್ಲ, ಕಿವಿಯಿಲ್ಲ, ಮಿದುಳಿಲ್ಲ. ಇವೇನೂ ಇಲ್ಲದ್ದು ಕಥೆ ಹೇಗೆ ಹೇಳುತ್ತದೆ ಎಂದು ಕೇಳಬೇಡಿ. ಶಾಲೆಯ ಪ್ರಬಂಧಗಳಲ್ಲಿ ಮುರಿದ ಕುರ್ಚಿ, ಹರಿದ ಛತ್ರಿಗಳೇ ತಮ್ಮ ಕಥೆ ಹೇಳಿಕೊಂಡಿವೆ, ನಾನೂ ಹೇಳುತ್ತೇನೆ.

ನಾನು ಹುಟ್ಟಲಿಲ್ಲ, ಸೀಳಿ ಬಂದೆ. ಹವಳದ ಬಂಡೆಯ ಬಿರುಕಿನಲ್ಲಿದ್ದ ನನ್ನ ತಾಯಿ ಒಂದು ದಿನ ಎರಡು ದಿಕ್ಕಿಗೆ ಜಗ್ಗಿಕೊಂಡು ನಡುವೆ ಹರಿದುಹೋಯಿತು. ಎರಡು ತುಂಡಿನಲ್ಲಿ ತಾಯಿ ಯಾವುದು, ಮಗು ಯಾವುದು ಎಂಬುದು ನಮಗೂ ಗೊತ್ತಿಲ್ಲ. ನಮ್ಮ ಜಾತಿಯಲ್ಲಿ ಮುಪ್ಪಿನಿಂದ ಸತ್ತದ್ದನ್ನು ನಾನು ಕಂಡಿಲ್ಲ. ಯಾರಾದರೂ ತಿನ್ನಬೇಕು, ಇಲ್ಲವೇ ನೀರು ಕೆಡಬೇಕು.

ಮುಳುಗಿ ಬಂದವನೊಬ್ಬ ನನ್ನ ಕಾಲಡಿಗೆ ಸ್ಕ್ರೂಡ್ರೈವರ್ ತೂರಿಸಿ ಬಂಡೆಯಿಂದ ಎಬ್ಬಿಸಿದ. ಪ್ಲಾಸ್ಟಿಕ್ ಚೀಲ, ಥರ್ಮಾಕೋಲ್ ಪೆಟ್ಟಿಗೆ, ರೈಲು, ಕೊನೆಗೆ ಹುಬ್ಬಳ್ಳಿಯ ಮೀನಿನಂಗಡಿ. ಅಲ್ಲಿಗೆ ಬರುವಷ್ಟರಲ್ಲಿ ಬಣ್ಣವೆಲ್ಲ ಹೋಗಿ ಬಿಳುಚಿಕೊಂಡಿದ್ದೆ. ಅಂಗಡಿಯವ ಅದನ್ನೇ ಅಪರೂಪದ ಬಿಳಿ ಜಾತಿಯೆಂದು ಹೇಳಿ ಮಾರಿದ. ಕೊಂಡವನು ಮಹಾಂತೇಶ, ರೈಲ್ವೆ ವರ್ಕ್‌ಶಾಪಿನ ಫಿಟ್ಟರ್.

ಮಹಾಂತೇಶನಿಗೆ ಮೂವತ್ತೆಂಟು ವರ್ಷ. ಎರಡು ಸಲ ನಿಶ್ಚಯವಾದ ಮದುವೆ ಎರಡು ಸಲವೂ ಮುರಿದಿತ್ತು. ಸಾಕಿದ ಪಾರಿವಾಳಗಳನ್ನು ಬೆಕ್ಕು ತಿಂದಿತ್ತು. ಬೆಳೆದ ಅಣಬೆಗೆ ಬೂಸ್ಟು ಬಂದಿತ್ತು. ಅವನು ನೆಟ್ಟ ಕರಿಬೇವೂ ಒಣಗಿತ್ತು. ಮನೆಯಲ್ಲಿ ಇದ್ದವರು ಅವನು ಮತ್ತು ಅವನ ತಾಯಿ ನೀಲವ್ವ, ಇಬ್ಬರೇ. ವರ್ಕ್‌ಶಾಪಿನ ಗೆಳೆಯ ದಸ್ತಗೀರ ನನ್ನನ್ನು ನೋಡಲು ಬಂದ ದಿನವೇ ನಕ್ಕ.

“ಏನಲೇ ಮಾಂತ್ಯಾ, ಪಾರಿವಾಳ ಆತು, ಅಣಬಿ ಆತು. ಇದರ ತಿಥಿ ಯಾವಾಗ?”

“ಒಂದ ವರ್ಷ ಉಳಸ್ತೇನಿ ನೋಡಲೇ. ಈ ಯುಗಾದಿಯಿಂದ ಬರೋ ಯುಗಾದಿ. ಉಳೀಲಿಲ್ಲಂದ್ರ ಮುಂದ ಏನೂ ಸಾಕಂಗಿಲ್ಲ.”

ಹುಡುಗಾಟದ ಮಾತಾಗಿರಲಿಲ್ಲ ಅದು. ಅವನು ಪ್ರತಿ ಭಾನುವಾರ ನನ್ನ ಗಾಜಿನ ತೊಟ್ಟಿಗೆ ಕೊಳವೆ ಹಚ್ಚಿ ಒಂದಷ್ಟು ಹಳೆಯ ನೀರು ಎಳೆದು ಹೊರಹಾಕುತ್ತಿದ್ದ. ಬ್ಲೀಚಿಂಗ್ ಪುಡಿಯ ಘಾಟು ಹೋಗಲೆಂದು ಎರಡು ದಿನ ಮೊದಲೇ ಹಿಡಿದಿಟ್ಟ ನೀರಿಗೆ ಪೊಟ್ಟಣದ ಕಡಲುಪ್ಪು ಬೆರೆಸಿ, ಉಪ್ಪಿನ ಹದ ತೋರುವ ಗಾಜಿನ ಅಳತೆಗೋಲು ಬಿಟ್ಟು ನೋಡಿ, ನಿಧಾನವಾಗಿ ಸುರಿಯುತ್ತಿದ್ದ. ನೀಲವ್ವ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದಳು. ನಾಲ್ಕು ತಿಂಗಳಿಗೆ ನನಗೆ ಬಣ್ಣ ಬಂತು.

ಆಮೇಲೆ ಒಂದು ಜೋಡಿ ಕ್ಲೌನ್ ಮೀನು ತಂದ. ಕಿತ್ತಳೆ ಮೈ, ಬಿಳಿ ಪಟ್ಟೆ. ಹೆಣ್ಣು ದೊಡ್ಡದು, ಗಂಡು ಅದರ ಅರ್ಧ. ಕಡಲಲ್ಲಾದರೆ ಈ ಜಾತಿ ನಮ್ಮ ಬೆರಳುಗಳ ನಡುವೆಯೇ ಬದುಕುತ್ತದೆ, ನಮ್ಮ ವಿಷ ಅದಕ್ಕೆ ತಟ್ಟದು; ಆದರೆ ಇವು ಯಾರದೋ ತೊಟ್ಟಿಯಲ್ಲೇ ಹುಟ್ಟಿ ಬೆಳೆದಂಥವು. ನನ್ನಂಥದ್ದನ್ನು ಕಂಡೇ ಇರಲಿಲ್ಲ. ಇಪ್ಪತ್ತು ದಿನ ಪಂಪಿನ ಮೂಲೆಯಲ್ಲಿ ಮಲಗಿದವು. ಇಪ್ಪತ್ತೊಂದನೆಯ ದಿನ ಹೆಣ್ಣು ಬಂದು ಬಾಲ ತಾಗಿಸಿ ಓಡಿತು. ಮತ್ತೆ ಬಂತು. ಸಂಜೆಯ ಹೊತ್ತಿಗೆ ನನ್ನ ಬೆರಳುಗಳ ನಡುವೆ ಹೊರಳುತ್ತಿತ್ತು. ಮಹಾಂತೇಶ ಗಾಜಿಗೆ ಹಣೆ ಹಚ್ಚಿಕೊಂಡು ಕೂತಿದ್ದ, ಊಟಕ್ಕೆ ಕರೆದರೂ ಏಳಲಿಲ್ಲ.

ಹನ್ನೊಂದನೆಯ ತಿಂಗಳು ಹೆಣ್ಣು ನನ್ನ ಕಾಲ ಬುಡದ ಕಲ್ಲಿಗೆ ಮೊಟ್ಟೆ ಅಂಟಿಸಿತು. ಗಂಡು ಹಗಲೆಲ್ಲ ರೆಕ್ಕೆಯಿಂದ ಅವಕ್ಕೆ ನೀರು ಬೀಸುತ್ತಿತ್ತು. ಎಂಟನೆಯ ದಿನ ಮೊಟ್ಟೆಯೊಳಗೆ ಬೆಳ್ಳಿಯ ಚುಕ್ಕೆಯಂಥ ಕಣ್ಣು ಕಂಡವು. ಮರಿ ಹೊರಬರಲು ಇನ್ನೊಂದು ದಿನ ಸಾಕಿತ್ತು. ಅವತ್ತು ಸೂರ್ಯಗ್ರಹಣ.

ಕೆಲಸಕ್ಕೆ ಹೊರಡುವಾಗ ಮಹಾಂತೇಶ ಹೇಳಿದ, “ಯವ್ವಾ, ತೊಟ್ಟಿಗೆ ಒಂದ ಕಡ್ಡಿನೂ ಹಾಕಬ್ಯಾಡ ಮತ್ತ. ಆಣಿ ಐತಿ.”

“ನಾ ಯಾಕ ಹಾಕ್ಲೋ? ಹೋಗು.”

ಗ್ರಹಣ ಹಿಡಿಯುವ ಮೊದಲು ನೀಲವ್ವ ಕುಡಿಯುವ ನೀರಿಗೆ, ಮೊಸರಿಗೆ, ಉಪ್ಪಿನಕಾಯಿ ಭರಣಿಗೆ ಒಂದೊಂದು ಎಳೆ ಗರಿಕೆ ಹಾಕಿದಳು. ಗರಿಕೆ ಬಿದ್ದ ನೀರಿಗೆ ದೋಷವಿಲ್ಲ. ಬೀಳದ ನೀರನ್ನು ಗ್ರಹಣ ಬಿಟ್ಟ ಮೇಲೆ ಚೆಲ್ಲಬೇಕು. ಉಳಿದ ಎಳೆ ಹಿಡಿದು ತೊಟ್ಟಿಯ ಮುಂದೆ ನಿಂತಳು. ಬಹಳ ಹೊತ್ತು ನಿಂತಳು. ಆಣೆ ನೆನಪಾಯಿತು. ತಿರುಗಿ ಹೋದಳು.

ಮಗನ ಮಾತು ಉಳಿಸಿದ್ದಳು. ಹಾಗಾಗಿ ನೀರು ಚೆಲ್ಲಲೇಬೇಕಾಯಿತು.

ಗ್ರಹಣ ಬಿಟ್ಟಮೇಲೆ ತಲೆಗೆ ಎರೆದುಕೊಂಡು ಬಂದು, ಮಗ ಮಾಡುವಂತೆಯೇ ಕೊಳವೆ ಹಚ್ಚಿ ಮುಕ್ಕಾಲು ನೀರು ಎಳೆದಳು. ಅವರ ಓಣಿಗೆ ನಳ ಎಂಟು ದಿನಕ್ಕೊಮ್ಮೆ. ಅವತ್ತು ಬೆಳಿಗ್ಗೆ ಬಂದಿತ್ತು. ನೀರಿಗಿನ್ನೂ ಬ್ಲೀಚಿಂಗ್ ಪುಡಿಯ ವಾಸನೆ. ಹನ್ನೆರಡು ಕೊಡ ಹೊತ್ತಳು. ಮನೆಯ ಕಲ್ಲುಪ್ಪು ಕರಗಿಸಿದಳು. ಸಾರಿನ ಉಪ್ಪು ನೋಡುವಂತೆ ತೊಟ್ಟಿಯದೊಂದು ಹನಿ, ಕೊಡದ್ದೊಂದು ಹನಿ ನಾಲಿಗೆಗೆ ಹಚ್ಚಿ, ಎರಡೂ ಒಂದೇ ಆಗುವವರೆಗೆ ಬೆರೆಸಿದಳು. ಆಮೇಲೆ ಸುರಿದಳು.

ನನ್ನ ಮೈ ಸುಟ್ಟಿತು. ಬೆರಳುಗಳನ್ನೆಲ್ಲ ಬಾಯೊಳಗೆ ಎಳೆದುಕೊಂಡೆ. ಗಂಡು ಮೀನು ಮೊಟ್ಟೆಯ ಬಳಿಯೇ ಓರೆಯಾಗಿ ಬಿತ್ತು. ಹೆಣ್ಣು ನನ್ನ ಬಳಿ ಬಂತು; ನಾನು ತೆರೆಯಲಿಲ್ಲ. ಸಂಜೆಯೊಳಗೆ ಬೆಳ್ಳಿಯ ಕಣ್ಣುಗಳೆಲ್ಲ ಸುಣ್ಣದಂತೆ ಬೆಳ್ಳಗಾದವು.

ಮಹಾಂತೇಶ ಬಾಗಿಲಲ್ಲೇ ವಾಸನೆ ಹಿಡಿದ. ನೀಲವ್ವ ಸೆರಗಿಗೆ ಕೈ ಒರೆಸುತ್ತ ಬಂದಳು.

“ಎಲ್ಲಾ ಮಾಡೇನಿ, ನೀ ಕೈಕಾಲ ತೊಳ್ಕೊ. ಹನ್ನೆರಡ ಕೊಡ ಹೊತ್ತೇನಪಾ, ನಡಾ ಹಿಡದೈತಿ. ಬಸುರಿ ಇರೋ ನೀರು, ದೋಷ ಇಟ್ಟು ಹೆಂಗ ಬಿಡ್ಲಿ?”

ಅವನು ತೊಟ್ಟಿಯ ಹತ್ತಿರ ಹೋಗಿ ಬಗ್ಗಿ ನೋಡಿದ. ಆಮೇಲೆ, “ಚಲೋ ಮಾಡಿದಿ ಬೇ, ಕುಂದ್ರು ನೀ,” ಎಂದ.

ಹೆಣ್ಣು ಮೂರನೆಯ ದಿನ ಸತ್ತಿತು. ನನ್ನನ್ನು ಬಕೆಟ್ಟಿಗೆ ಹಾಕಿ ಬಚ್ಚಲಿನ ಮೂಲೆಯಲ್ಲಿ ಇಟ್ಟಿದ್ದಾನೆ. ದಿನಾ ಉಪ್ಪು ಅಳೆದು ನೀರು ಬದಲಿಸುತ್ತಾನೆ. ನನ್ನ ಒಂದು ಮಗ್ಗುಲು ಕರಗಿಹೋಗಿದೆ. ಯುಗಾದಿಗೆ ಇನ್ನು ಹದಿನಾರು ದಿನ. ಅಷ್ಟು ದಿನ ನಾನಿರುವುದಿಲ್ಲ. ಅದು ಅವನಿಗೂ ಗೊತ್ತು.

ನಿನ್ನೆ ದಸ್ತಗೀರ ಬಂದ. ಬಕೆಟ್ಟಿನೊಳಗೆ ಇಣುಕಿದ. ನಗಲಿಲ್ಲ.

“ಏನಾತಲೇ?”

“ವಯಸ್ಸಾಗಿತ್ತೋ,” ಎಂದ ಮಹಾಂತೇಶ.

ಒಳಗಿನಿಂದ ನೀಲವ್ವ ಕೂಗಿದಳು, “ವಯಸ್ಸಲ್ಲ ತಮ್ಮಾ, ಗ್ರಹಣ ಬಡೀತು. ನಾ ನೀರ ಚೆಲ್ಲಿದ್ದಕ್ಕ ಹೂವರ ಉಳೀತು. ಅವತ್ತ ಒಂದ ಎಳಿ ಕರಕಿ ಹಾಕಾಕ ಬಿಟ್ಟಿದ್ರ ಎಲ್ಲಾ ಉಳೀತಿದ್ದು. ಇಂವಾ ಕೇಳಬೇಕಲಾ!”

ಆಕೆ ಹೇಳಿದ್ದು ನಿಜ. ಒಂದು ಎಳೆ ಗರಿಕೆ ನನಗೆ ಏನೂ ಮಾಡುತ್ತಿರಲಿಲ್ಲ. ಮೂರು ದಿನ ತೇಲಿ ಕೊಳೆಯುತ್ತಿತ್ತು, ಅವನು ಎತ್ತಿ ಎಸೆಯುತ್ತಿದ್ದ. ಮಹಾಂತೇಶನಿಗೂ ಅದು ಹೊಳೆದಿರಬೇಕು. ಗೆಳೆಯ ಹೋದ ಮೇಲೆ ಬಚ್ಚಲಿಗೆ ಬಂದು ಮತ್ತೊಮ್ಮೆ ಉಪ್ಪು ಅಳೆದ.

ತೊಟ್ಟಿಯನ್ನು ತಿಕ್ಕಿ ತೊಳೆದಿದ್ದಾರೆ. ಇನ್ನು ಅದರಲ್ಲಿ ಬಳಸುವ ನೀರು ತುಂಬಿಡುತ್ತಾರಂತೆ. ನಾಳೆ ನಳ ಬರುವ ದಿನ. ನಳ ಬಂದ ದಿನ ಈ ಮನೆಯಲ್ಲಿ ಇದ್ದದ್ದನ್ನೆಲ್ಲ ಚೆಲ್ಲಿ ಹೊಸ ನೀರು ಹಿಡಿಯುತ್ತಾರೆ, ಒಂದು ಬಕೆಟ್ಟನ್ನೂ ಬಿಡುವುದಿಲ್ಲ.