ದೇವರ ಸುತ್ತು

ಬೋಲ್ಟು ಒಮ್ಮೆಲೇ ಹಗುರವಾಯಿತು. ಅದುವರೆಗೆ ಸ್ಪ್ಯಾನರಿಗೆ ಎದುರು ನಿಂತಿದ್ದ ಬಿಗಿ, ಮಾತಾಡುತ್ತಿದ್ದವನು ನಡುವೆಯೇ ಎದ್ದು ಹೋದ ಹಾಗೆ, ಇಲ್ಲವಾಯಿತು. ಸೀನಪ್ಪ ಕೈ ತೆಗೆಯಲಿಲ್ಲ. ಇನ್ನೊಂದು ಸಲ ಮೆಲ್ಲಗೆ ತಿರುಗಿಸಿ ನೋಡಿದ. ಬೋಲ್ಟು ಸುಮ್ಮನೆ ತಿರುಗಿತು. ಬೆರಳಲ್ಲಿ ಹಿಡಿದು ಮೇಲಕ್ಕೆಳೆದರೆ ಎದ್ದೇ ಬಂತು. ಅದರ ತುದಿಗೆ ಕರೀ ಪ್ಲಾಸ್ಟಿಕ್ಕಿನ ಎಳೆಯೊಂದು ಸುರುಳಿಯಾಗಿ ಸುತ್ತಿಕೊಂಡಿತ್ತು.

ಕಾರಿನ ಯಜಮಾನ ಭಾನುಪ್ರಕಾಶ ಎದುರಿನ ಅಂಗಡಿಗೆ ಟೀ ತರಲು ಹೋಗಿದ್ದ. ಸೀನಪ್ಪ ಆ ಎಳೆಯನ್ನು ಉಗುರಿನಿಂದ ಬಿಡಿಸಿ, ಕಾಲಡಿಯ ಗ್ರೀಸು ಮಣ್ಣಿಗೆ ಹಾಕಿ ಮೆಟ್ಟಿದ.

ಅದು ತೊಂಬತ್ತೊಂಬತ್ತನೆಯ ಇಸವಿ. ದೊಡ್ಡಬಳ್ಳಾಪುರಕ್ಕೆ ಹೊಸ ಜಾತಿಯ ಕಾರುಗಳು ಒಂದೊಂದಾಗಿ ಬರುತ್ತಿದ್ದ ಕಾಲ. ಭಾನುಪ್ರಕಾಶ ಮನೆಯ ಎರಡು ಮಗ್ಗಗಳನ್ನು ತಮ್ಮನಿಗೆ ಬಿಟ್ಟು, ಕಾರು ತಂದು ಟ್ಯಾಕ್ಸಿ ಬೋರ್ಡು ಹಾಕಿಸಿ, ಸೀರೆ ವ್ಯಾಪಾರದವರನ್ನು ಬೆಂಗಳೂರಿಗೆ ಕರೆದುಕೊಂಡು ಹೋಗಿ ಬರುತ್ತಿದ್ದ. ಹಳೆಯ ಗಾಡಿಗಳಲ್ಲಿ ಇಂಜಿನ್ನು ಗಾಳಿ ಎಳೆದುಕೊಳ್ಳುವ ಕೊಳವೆ ಲೋಹದ್ದಿರುತ್ತಿತ್ತು. ಇದರಲ್ಲಿ ಅದೂ ಪ್ಲಾಸ್ಟಿಕ್ಕಿನದು. ಮ್ಯಾನಿಫೋಲ್ಡು ಎನ್ನುತ್ತಾರೆ. ಅದರ ಬಾಯಿಗೆ ನಾಲ್ಕು ಬೋಲ್ಟು. ಬೋಲ್ಟು ಕಚ್ಚಿಕೊಳ್ಳುವ ಥ್ರೆಡ್ಡನ್ನೂ ಪ್ಲಾಸ್ಟಿಕ್ಕಿನಲ್ಲೇ ಕೊರೆದಿದ್ದರು.

ಬಿಗಿಯಾದ ಮೇಲೂ ಕಾಲು ಸುತ್ತು ಹೆಚ್ಚಿಗೆ ಕೊಡುವುದು ಸೀನಪ್ಪನ ಕೈಗೆ ಮಗ್ಗದಿಂದ ಬಂದ ಚಾಳಿ. ಮೂವತ್ತೈದು ವರ್ಷದ ಹಿಂದೆ ಅವನೂ, ಈಗ ರಾಜಘಟ್ಟದ ರಸ್ತೆಯಲ್ಲಿ ಶೆಡ್ಡು ಹಾಕಿಕೊಂಡಿದ್ದ ಗಂಗಣ್ಣನೂ ಮುನಿಶಾಮಪ್ಪನವರ ಕೈಕೆಳಗೆ ಪವರ್‌ಲೂಮ್ ರಿಪೇರಿ ಕಲಿತವರು. ಮಗ್ಗವೆಂದರೆ ಮೈಯೆಲ್ಲ ಒದರುವ ಯಂತ್ರ, ಎಂಥ ನಟ್ಟನ್ನೂ ವಾರದೊಳಗೆ ಸಡಿಲಿಸಿಬಿಡುತ್ತದೆ. ಅದಕ್ಕೇ ಮುನಿಶಾಮಪ್ಪ, ಸಾಕು ಅನಿಸಿದ ಮೇಲೆ ಕಾಲು ಸುತ್ತು ದೇವರ ಹೆಸರಲ್ಲಿ ತಿರುಗಿಸಿ ಎನ್ನುತ್ತಿದ್ದರು. ತಿರುಗಿಸುವಾಗ ‘ಸ್ವಾಮಿ’ ಎಂದು ಉಸಿರು ಬಿಡುವುದೂ ಸೇರಿಕೊಂಡಿತ್ತು. ಊರಿನಲ್ಲಿ ಮಗ್ಗದಿಂದ ಮೋಟಾರಿಗೆ ಬಂದ ಮೆಕ್ಯಾನಿಕ್ಕುಗಳೆಲ್ಲ ಅದನ್ನು ದೇವರ ಸುತ್ತು ಅನ್ನುತ್ತಿದ್ದರು. ಮುನಿಶಾಮಪ್ಪ ತೀರಿಕೊಂಡು ಹತ್ತು ವರ್ಷವಾಗಿದ್ದರೂ ಸುತ್ತು ಮಾತ್ರ ಕೈಗಳಲ್ಲಿ ಉಳಿದಿತ್ತು.

ಭಾನುಪ್ರಕಾಶ ಟೀ ತಂದುಕೊಟ್ಟು ಗಾಡಿ ಚಾಲೂ ಮಾಡಿದ. ಇಂಜಿನ್ನು ಒಂದು ಕಡೆ ನಿಲ್ಲದು. ಏರುವುದು, ಇನ್ನೇನು ಆರಿಯೇ ಹೋಯಿತು ಎನ್ನುವಷ್ಟು ಇಳಿಯುವುದು, ಮತ್ತೆ ಏರುವುದು. ಬಿಗಿಯಿಲ್ಲದ ಬೋಲ್ಟಿನ ಪಕ್ಕದಿಂದ ಕಳ್ಳಗಾಳಿ ಒಳಗೆ ಹೋಗುತ್ತಿತ್ತು. ಏನಾಯಿತೆಂದು ಕೇಳಿದ್ದಕ್ಕೆ, ಒಂದು ಬೋಲ್ಟಿನ ಥ್ರೆಡ್ಡು ಹೋಗಿದೆ ಅಂದ ಸೀನಪ್ಪ. ಅಷ್ಟು ನಿಜ.

"ಗಂಗಣ್ಣಂದೇ ಕೆಲ್ಸ ಕಣಣ್ಣಾ," ಅಂದ ಭಾನುಪ್ರಕಾಶ. "ಹೋದ್ ತಿಂಗ್ಳು ಅವ್ನೇ ಬಿಚ್ಚಿದ್ದ ಇದನ್ನ. ಹಾಳ್ ಮಾಡಿ, ಬಾಯ್ ಮುಚ್ಕೊಂಡ್ ಕಳ್ಸವ್ನೆ."

ಸೀನಪ್ಪ ಟೀ ಲೋಟ ಕೆಳಗಿಟ್ಟು, ಬಟ್ಟೆಯಲ್ಲಿ ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಂಡ.

"ಇರ್ಬೋದು," ಅಂದ.

ಆ ಒಂದು ಮಾತು ಸಾಯಂಕಾಲದೊಳಗೆ ಟ್ಯಾಕ್ಸಿ ಸ್ಟ್ಯಾಂಡಿಗೆ ಮುಟ್ಟಿತು. ಸೀನಪ್ಪ ಎರಡು ಬಣ್ಣದ ಅಂಟು ಕಲಸಿ, ಬೋಲ್ಟಿಗೆ ರೇಷ್ಮೆ ಎಳೆ ಸುತ್ತಿ, ಕಂಡಿಯೊಳಗೆ ಕೂರಿಸಿ ಕಳಿಸಿದ್ದ. ಎರಡು ದಿನ ನಿಂತು ಮೂರನೆಯ ದಿನ ಅಂಟು ಶಾಖಕ್ಕೆ ಪುಡಿಯಾಯಿತು. ಇಡೀ ಮ್ಯಾನಿಫೋಲ್ಡು ಹೊಸದೇ ಬೇಕೆಂದರೆ ಮದರಾಸಿನಿಂದ ಬರಬೇಕು, ತಿಂಗಳಾಗುತ್ತದೆ ಅಂದರಂತೆ ಕಂಪನಿಯವರು. ಅಷ್ಟರಲ್ಲಿ ಸ್ಟ್ಯಾಂಡಿನ ಇಬ್ಬರು ಡ್ರೈವರುಗಳು ಗಂಗಣ್ಣನ ಹತ್ತಿರ ಬಿಡುತ್ತಿದ್ದ ಗಾಡಿಗಳನ್ನು ತಂದು ಸೀನಪ್ಪನ ಶೆಡ್ಡಿನ ಮುಂದೆ ನಿಲ್ಲಿಸಿದರು. ಹೊಸ ಗಾಡಿ ಗಂಗಣ್ಣನಿಗೆ ಆಗಿಬರಲ್ಲ, ಅವನ ಕೈಗುಣ ಹೋಯಿತು ಎಂದು ಮಾತಾಡಿಕೊಂಡರು. ಸೀನಪ್ಪ ಆ ಗಾಡಿಗಳ ಕೆಳಗೆ ಮಲಗಿ ಕೆಲಸ ಮಾಡುತ್ತಿದ್ದರೆ, ಯಾರೋ ಮಲಗಿದ್ದ ಚಾಪೆಯನ್ನು ಎಳೆದುಕೊಂಡು ಮಲಗಿದ ಹಾಗೆ ಅನಿಸುತ್ತಿತ್ತು. ಹತ್ತು ನಿಮಿಷಕ್ಕೊಂದು ಸಲ ಹೊರಗೆ ಬಂದು ಬೀಡಿ ಹಚ್ಚುವನು. ಎರಡು ದಮ್ಮು ಎಳೆದು ಆರಿಸುವನು.

ಮನೆಯಲ್ಲಿ ಹೆಂಡತಿ ನಾಗಲಕ್ಷ್ಮಮ್ಮ ಮಗ್ಗದ ಲಾಳಿಗೆ ನೂಲಿನ ಕಂಡಿಕೆ ಸುತ್ತುತ್ತಾ ಇದನ್ನೆಲ್ಲ ನೋಡುತ್ತಿದ್ದಳು. ಉಣ್ಣಲು ಕೂತವನು ಎದ್ದು ಬಾಗಿಲಿಗೆ ಹೋಗಿ ನಿಲ್ಲುವುದು, ಚಿಲಕದ ಸ್ಕ್ರೂ ಬಿಗಿ ಮಾಡುವುದು, ಅದನ್ನೇ ಮತ್ತೆ ಸಡಿಲಿಸುವುದು. ರೇಷನ್ ಅಂಗಡಿಯ ಸಾಲಿನಲ್ಲಿ ಗಂಗಣ್ಣನ ಹೆಂಡತಿ ಭಾಗ್ಯಮ್ಮ ತನ್ನನ್ನು ನೋಡಿಯೂ ನೋಡದ ಹಾಗೆ ಮುಖ ತಿರುಗಿಸಿದಳು ಎಂದು ಅವಳು ಹೇಳಿದಾಗ ಸೀನಪ್ಪ ಮತ್ತೆ ಸ್ಕ್ರೂಡ್ರೈವರ್ ಹುಡುಕಿದ.

"ನಿಮ್ ಮೈಯಾಗೆ ಏನೋ ಸಡ್ಲ ಆಗೈತೆ. ಎಲ್ಲಿ ಅಂತ ನೋಡ್ಕಳಿ ಮೊದ್ಲು," ಅಂದಳು ನಾಗಲಕ್ಷ್ಮಮ್ಮ, ರಾಟೆ ನಿಲ್ಲಿಸದೆ.

ಕಂಡಿಗೆ ಹಿತ್ತಾಳೆ ಬುಷ್ಷು ಕೂರಿಸಿದರೆ ಮಾತ್ರ ನಿಲ್ಲುತ್ತದೆ ಎಂದು ಅವನಿಗೆ ಮೊದಲೇ ಗೊತ್ತಿತ್ತು. ಒಳಗೆ ಥ್ರೆಡ್ಡು, ಹೊರಗೆ ಮುಳ್ಳು ಇರುವ ಸಣ್ಣ ಬುಷ್ಷು. ಅಷ್ಟು ಸಣ್ಣದನ್ನು ಲೇತಿನಲ್ಲಿ ಕಡೆಯುವ ಕೈ ಆ ಊರಲ್ಲಿ ಒಂದೇ ಇತ್ತು. ಅದು ಗಂಗಣ್ಣನದು.

ಆರನೆಯ ದಿನ ಸೀನಪ್ಪ ಮ್ಯಾನಿಫೋಲ್ಡು ಬಿಚ್ಚಿ ಸೈಕಲ್ಲಿನ ಹಿಂದೆ ಕಟ್ಟಿಕೊಂಡು ರಾಜಘಟ್ಟದ ರಸ್ತೆಗೆ ಹೊರಟ. ದಾರಿಯಲ್ಲಿ ಎರಡು ಸಲ ಇಳಿದು ಹಗ್ಗ ಸರಿಮಾಡಿದ. ಹಗ್ಗ ಸರಿಯಾಗಿಯೇ ಇತ್ತು.

ಗಂಗಣ್ಣ ಲೇತಿನ ಮುಂದೆ ಸ್ಟೂಲಿನಲ್ಲಿ ಕೂತಿದ್ದ. ಬಾ ಅಂದ, ಅಷ್ಟೇ. ಮ್ಯಾನಿಫೋಲ್ಡನ್ನು ತೊಡೆಯ ಮೇಲಿಟ್ಟುಕೊಂಡು ಕಂಡಿಯೊಳಗೆ ಟಾರ್ಚು ಬಿಟ್ಟ. ಸೂಜಿಯಿಂದ ಅಂಟಿನ ಪುಡಿ ಕೆದಕಿ, ಅದರಡಿಯ ಗೋಡೆಯನ್ನು ನೋಡಿದ. ತಿಂಗಳ ಹಿಂದೆ ಕಿತ್ತ ಥ್ರೆಡ್ಡಾಗಿದ್ದರೆ ಎಣ್ಣೆ ಹೊಗೆ ಹಿಡಿದು ಮಂಕಾಗಿರಬೇಕಿತ್ತು. ಇದು ಮಿರಮಿರ ಎನ್ನುತ್ತಿತ್ತು. ಅವನು ನೋಡಿದ್ದನ್ನು ಸೀನಪ್ಪ ನೋಡಿದ. ಅದೇ ಹೊತ್ತಿಗೆ ಕರೆಂಟು ಹೋಯಿತು.

ಕರೆಂಟು ಹೋದರೆ ಆ ಊರಿಗೆ ಕಿವಿ ಬಂದ ಹಾಗೆ. ಬೀದಿಯುದ್ದಕ್ಕೂ ಮಗ್ಗಗಳು ಒಂದೇ ಸಲಕ್ಕೆ ನಿಂತವು. ಎಲ್ಲೋ ಒಂದು ಮಗು ಅಳುವುದು, ಯಾರೋ ಕೆಮ್ಮುವುದು, ಎಲ್ಲ ಕೇಳಿಸತೊಡಗಿತು. ಲೇತು ತಿರುಗಬೇಕಾದರೆ ಕಾಯಬೇಕು. ಇಬ್ಬರೂ ಎದುರುಬದುರು ಕೂತರು. ಸೀನಪ್ಪನಿಗೆ ಎದ್ದು ಹೋಗೋಣ ಅನಿಸಿತು. ಸಾಮಾನು ಗಂಗಣ್ಣನ ತೊಡೆಯ ಮೇಲಿತ್ತು.

"ಯಾವಾಗ ಹೋಯ್ತು ಇದು?" ಗಂಗಣ್ಣ ಕೇಳಿದ.

"ಗುರ್ವಾರ."

ಕಾರು ಗುರುವಾರ ಯಾರ ಶೆಡ್ಡಿನಲ್ಲಿತ್ತೆಂದು ಊರಿಗೇ ಗೊತ್ತು. ಗಂಗಣ್ಣ ತಲೆಯಾಡಿಸಿದ. ಈಗ ಬೈಯುತ್ತಾನೆ ಎಂದು ಸೀನಪ್ಪ ಮೈ ಬಿಗಿ ಹಿಡಿದು ಕೂತ. ಬೈದರೆ ಸಾಕು, ತಾನೂ ಏನಾದರೂ ಅನ್ನಬಹುದು, ಮಾತಿಗೆ ಮಾತು ಬೆಳೆದು ಎಲ್ಲ ಹೊರಗೆ ಬಿದ್ದುಹೋಗಲಿ ಎಂದು ಕಾದ.

"ನಾನೂ ಒಂದ್ ಹಾಳ್ ಮಾಡ್ದೆ ಕಣ್ಲಾ ಸೀನ," ಅಂದ ಗಂಗಣ್ಣ. "ಹೋದ್ ವರ್ಷ. ಡಾಕ್ಟ್ರು ಕಾರು. ಅದೇ ದೇವ್ರ ಸುತ್ತು. ಅವ್ರಿಗೆ ಹೇಳಿ, ಬುಷ್ ಹಾಕಿ ಕೊಟ್ಟೆ. ಆವತ್ತಿಂದ ಪ್ಲಾಸ್ಟಿಕ್ಕಿಗೆ ಸ್ಪ್ಯಾನರ್‌ನ ಎಲ್ಡೇ ಬೆರ್ಳಾಗೆ ಹಿಡಿಯೋದು. ಸಾಕು ಅಂದ್ರೆ ಸಾಕು."

ಆಮೇಲೆ ಅವನು ಆ ವಿಷಯವನ್ನೇ ಬಿಟ್ಟ. ಮುನಿಶಾಮಪ್ಪನವರ ಸೊಸೆಗೆ ಮೈ ಹುಷಾರಿಲ್ಲವಂತೆ, ನೋಡಿಕೊಂಡು ಬರಬೇಕು ಅಂದ. ಸೀನಪ್ಪ ಹ್ಞೂಂಗುಟ್ಟಿದ. ಮುಕ್ಕಾಲು ಗಂಟೆಯ ಮೇಲೆ ಬೀದಿಯ ಮಗ್ಗಗಳೆಲ್ಲ ಒಟ್ಟಿಗೇ ಒದರಿಕೊಂಡು ಎದ್ದವು. ಗಂಗಣ್ಣ ಬುಷ್ಷು ಕಡೆದು, ಹೊರಮೈಗೆ ಹಲಸಿನ ಸಿಪ್ಪೆಯ ಹಾಗೆ ಮುಳ್ಳು ಎಬ್ಬಿಸಿ, ಕಾಗದದಲ್ಲಿ ಮಡಿಸಿ ಕೊಟ್ಟ. ಕೂರಿಸುವ ಬಗೆಯನ್ನೂ ಹೇಳಿದ. ಬುಷ್ಷನ್ನು ಬೋಲ್ಟಿಗೆ ಹಾಕಿ, ಸಾಲ್ಡ್ರಿಂಗ್ ಕಡ್ಡಿಯಿಂದ ಕಾಯಿಸಬೇಕು. ಒತ್ತಬಾರದು, ತನ್ನ ಭಾರಕ್ಕೆ ತಾನೇ ಇಳಿಯಬೇಕು. ಅಂಚಿಗೆ ಸಮವಾದ ಕೂಡಲೇ ಒದ್ದೆ ಬಟ್ಟೆ ಹಾಕಬೇಕು. ತಣ್ಣಗಾಗುವವರೆಗೆ ಮುಟ್ಟಬಾರದು.

ಗೇಟಿನ ತನಕ ಬಂದ ಸೀನಪ್ಪ ಒಂದು ಸಲ ತಿರುಗಿ ನಿಂತ. ಗಂಗಣ್ಣ ಆಗಲೇ ಲೇತಿನ ಕಡೆಗೆ ಬಾಗಿದ್ದ. ಅವನ ಅಂಗಳದಲ್ಲಿ ಒಂದೂ ಗಾಡಿ ಇರಲಿಲ್ಲ.

ಮಾರನೆಯ ಬೆಳಿಗ್ಗೆ ಬುಷ್ಷು ಕೂತಿತು. ಹೇಳಿದ ಹಾಗೆಯೇ ಕೂತಿತು. ಕಾದ ಹಿತ್ತಾಳೆ ಬೆಣ್ಣೆಯಲ್ಲಿ ಬೆರಳು ಇಳಿದ ಹಾಗೆ ಇಳಿದು, ಮುಳ್ಳುಗಳ ಸುತ್ತ ಪ್ಲಾಸ್ಟಿಕ್ಕು ಮುಚ್ಚಿಕೊಂಡಿತು. ಸೀನಪ್ಪ ಮ್ಯಾನಿಫೋಲ್ಡನ್ನು ಕಾರಿಗೆ ಕಟ್ಟಿ, ನಾಲ್ಕೂ ಬೋಲ್ಟುಗಳನ್ನು ಎರಡು ಬೆರಳಲ್ಲಿ ಬಿಗಿಮಾಡಿದ. ಭಾನುಪ್ರಕಾಶ ಚಾಲೂ ಮಾಡಿದರೆ ಇಂಜಿನ್ನು ಒಂದೇ ಶ್ರುತಿಯಲ್ಲಿ ನಿಂತಿತು. ಅವನಿಗೆ ಹಿಗ್ಗು ತಡೆಯಲಿಲ್ಲ. ತಮ್ಮ ಗಾಡಿಗಳನ್ನು ನೋಡಲು ಬಂದಿದ್ದ ಆ ಇಬ್ಬರು ಡ್ರೈವರುಗಳನ್ನೂ ಬಾನೆಟ್ಟಿನ ಹತ್ತಿರ ಕರೆದ. ಗಂಗಣ್ಣ ಕೆಡಿಸಿದ್ದನ್ನು ಸೀನಪ್ಪಣ್ಣ ಹೇಗೆ ನಿಲ್ಲಿಸಿದ್ದಾನೆ ನೋಡಿ ಎಂದು ತೋರಿಸಿದ.

"ಕೆಡ್ಸಿದ್ದು ಗಂಗಣ್ಣ ಅಲ್ಲ," ಅಂದ ಸೀನಪ್ಪ. "ನಾನು. ನೀನು ಟೀಗೆ ಹೋಗಿದ್ದಾಗ. ಈ ಬುಷ್ಷು ಅವ್ನೇ ಮಾಡ್ಕೊಟ್ಟಿದ್ದು."

ಭಾನುಪ್ರಕಾಶ ಒಂದು ಕ್ಷಣ ನೋಡಿದ. ಆಮೇಲೆ ನಕ್ಕ.

"ನೋಡ್ರಲಾ ನಮ್ಮಣ್ಣನ್ನ. ಜತೇಲಿ ಕಲ್ತವ್ನು ಅಂತ ತಪ್ಪು ತನ್ನ ತಲೆ ಮ್ಯಾಲೆ ಹಾಕ್ಕಂತಾವ್ನೆ."

"ದೊಡ್ ಮನ್ಸು ಗುರು," ಅಂದ ಡ್ರೈವರುಗಳಲ್ಲೊಬ್ಬ.

ಸೀನಪ್ಪ ಅಲ್ಲವೆಂದ. ಗುರುವಾರ ಹೀಗೆ ಹೀಗಾಯಿತು ಎಂದು ಬಿಡಿಸಿ ಹೇಳಿದ. ದೇವರ ಸುತ್ತು ಹೇಳಿದ. ಆ ಸುತ್ತನ್ನು ಗಂಗಣ್ಣನೂ ಅಲ್ಲೇ ತಾನೇ ಕಲಿತದ್ದು ಎಂದು ಕೇಳಿದ ಇನ್ನೊಬ್ಬ. ಹೇಳಿದಷ್ಟೂ ಅವರ ಮುಖದಲ್ಲಿ ಗೌರವ ಹೆಚ್ಚುತ್ತಿತ್ತು. ಈ ಮಾತೂ ಸಾಯಂಕಾಲಕ್ಕೆ ಸ್ಟ್ಯಾಂಡಿಗೆ ಹೋಗುತ್ತದೆ, ಕೆಡಿಸಿದವನು ಗಂಗಣ್ಣ, ಅವನ ತಪ್ಪು ಮುಚ್ಚಿದವನು ಸೀನಪ್ಪ ಎಂದೇ ಹೋಗುತ್ತದೆ. ಸತ್ಯ ಹೇಳಿಯೂ ಅದು ಸುಳ್ಳಿನ ಲೆಕ್ಕಕ್ಕೇ ಸೇರುತ್ತಿರುವುದನ್ನು ಅವನು ನಿಂತು ನೋಡಿದ.

ಅವನು ಇಂಜಿನ್ನು ಆರಿಸಲು ಹೇಳಿ, ಸ್ಪ್ಯಾನರ್ ಎತ್ತಿಕೊಂಡ. ಬುಷ್ಷು ಹಾಕಿದ್ದನ್ನು ಬಿಟ್ಟು ಅದರ ಪಕ್ಕದ ಬೋಲ್ಟಿಗೆ ಕೂರಿಸಿದ. ಎರಡು ಬೆರಳಲ್ಲ, ಮುಷ್ಟಿಯಲ್ಲಿ ಹಿಡಿದ. ಬಗ್ಗಿ ನೋಡಿರೆಂದು ಮೂವರಿಗೂ ಹೇಳಿದ. ಬೋಲ್ಟು ಬಿಗಿಯಾಗಿಯೇ ಇತ್ತು.

"ಸ್ವಾಮಿ," ಅಂದು ಕಾಲು ಸುತ್ತು ತಿರುಗಿಸಿದ.

ಚಿಟ್ ಎಂದು ಸಣ್ಣ ಸದ್ದು. ಸ್ಪ್ಯಾನರ್ ತೆಗೆದು ಬೋಲ್ಟನ್ನು ಬೆರಳಿನಲ್ಲೇ ಎತ್ತಿ, ಪ್ಲಾಸ್ಟಿಕ್ಕಿನ ಎಳೆ ಸುತ್ತಿಕೊಂಡಿದ್ದ ಅದನ್ನು ಭಾನುಪ್ರಕಾಶನ ಅಂಗೈಗೆ ಹಾಕಿದ.

"ಹಿಂಗೆ ಹೋಗಿದ್ದು ಗುರ್ವಾರ."

ಭಾನುಪ್ರಕಾಶನ ಬಾಯಿ ತೆರೆದುಕೊಂಡೇ ಇತ್ತು. ಡ್ರೈವರುಗಳಲ್ಲೊಬ್ಬ ಮೊಳೆಗೆ ನೇತುಹಾಕಿದ್ದ ತನ್ನ ಗಾಡಿಯ ಬೀಗದಕೈ ತೆಗೆದುಕೊಂಡು, ಆಮೇಲೆ ಬರುತ್ತೇನೆಂದು ಹೊರಟ. ಇನ್ನೊಬ್ಬ ಹೇಳದೆಯೇ ಹೋದ.

"ಹನ್ನೊಂದ್ಗಂಟೆಗೆ ಬೆಂಗ್ಳೂರಿಗೆ ಪಾರ್ಟಿ ಐತೆ ಕಣಣ್ಣಾ ನಂಗೆ," ಅಂದ ಭಾನುಪ್ರಕಾಶ ತಗ್ಗಿದ ದನಿಯಲ್ಲಿ. ಅವನಿಗೆ ಬೈಯಲೂ ತೋಚುತ್ತಿರಲಿಲ್ಲ.

ಸೀನಪ್ಪ ಮ್ಯಾನಿಫೋಲ್ಡನ್ನು ಮತ್ತೆ ಬಿಚ್ಚಿದ. ಭಾನುಪ್ರಕಾಶ ಅದನ್ನು ಅವನ ಕೈಯಿಂದ ಕಿತ್ತುಕೊಂಡು, ಕಂಕುಳಲ್ಲಿರಿಸಿಕೊಂಡು, ರಾಜಘಟ್ಟದ ರಸ್ತೆಗೆ ತಾನೇ ಮುಂದಾಗಿ ನಡೆದ. ಸೀನಪ್ಪ ಹಿಂದೆ ಸೈಕಲ್ಲು ತಳ್ಳಿಕೊಂಡು ಹೋದ.

ಗಂಗಣ್ಣನ ಗೇಟಿನ ಹತ್ತಿರ ಬಂದಾಗ ಭಾನುಪ್ರಕಾಶನ ಕಾಲು ನಿಧಾನವಾಯಿತು. ಒಳಗೆ ಹೋಗಲು ಅವನಿಗೂ ಮುಖವಿರಲಿಲ್ಲ. ಸ್ಟ್ಯಾಂಡಿನಲ್ಲಿ ಆಡಿದ್ದೆಲ್ಲ ಅವನದೇ ಬಾಯಿ. ಚಪ್ಪಲಿ ಬಿಡುವ ಜಾಗವಲ್ಲದಿದ್ದರೂ ಬಿಟ್ಟು, ಒಳಗೆ ಹೋಗಿ, ಸಾಮಾನನ್ನು ಲೇತಿನ ಪಕ್ಕದ ಹಲಗೆಯ ಮೇಲಿಟ್ಟ. ನಡೆದದ್ದನ್ನು ತಡವರಿಸುತ್ತ ಹೇಳಿದ. ತಾನು ಸ್ಟ್ಯಾಂಡಿಗೆ ಹೋಗಿ ಎಲ್ಲರ ಮುಂದೆ ಹೇಳುತ್ತೇನೆ ಎಂದೂ ಹೇಳಿದ. ಗಂಗಣ್ಣ ಹೊಸದಾಗಿ ಕೆಟ್ಟ ಕಂಡಿಗೆ ಟಾರ್ಚು ಬಿಟ್ಟು ನೋಡಿ, ಬಾಗಿಲಲ್ಲೇ ನಿಂತಿದ್ದ ಸೀನಪ್ಪನ ಕಡೆ ತಿರುಗಿದ.

"ಬೇಕಂತ್ಲೇ ಮಾಡ್ದಾ?"

"ಹ್ಞೂಂ."

"ಇದೊಂದೇ ತಾನೆ? ಇನ್ನೆಲ್ಡು ನೆಟ್ಟಗವಾ?"

"ಅವೆ."

ಗಂಗಣ್ಣ ಹಿತ್ತಾಳೆ ಸರಳು ಹುಡುಕಿ ಲೇತಿಗೆ ಕಚ್ಚಿಸಿದ. ಮಗ್ಗಗಳು ನಡೆಯುತ್ತಿದ್ದವು, ಕರೆಂಟಿತ್ತು. ಸ್ವಿಚ್ಚು ಒತ್ತುವ ಮೊದಲು ಕಾಲಿನಿಂದ ಸ್ಟೂಲೊಂದನ್ನು ಸೀನಪ್ಪನ ಕಡೆಗೆ ತಳ್ಳಿದ. ಸೀನಪ್ಪ ಕೂತ. ಒಳಗಿಂದ ಭಾಗ್ಯಮ್ಮ ಬಂದು ಬಾಗಿಲಲ್ಲಿ ಒಂದು ಚೊಂಬು ನೀರಿಟ್ಟು, ಯಾರನ್ನೂ ನೋಡದೆ ಹಿಂದಿರುಗಿದಳು.

ಲೇತು ತಿರುಗಿತು. ಹಿತ್ತಾಳೆಯ ಹೊಟ್ಟು ಕಾಳುಕಾಳಾಗಿ ಹೊಳೆಯುತ್ತ ನೆಲಕ್ಕೆ ಉದುರತೊಡಗಿತು. ಅಂಗಳದಲ್ಲಿ ಕೆದಕುತ್ತಿದ್ದ ಕೋಳಿಯೊಂದು ಹೊಸ್ತಿಲು ದಾಟಿ ಒಳಗೆ ಬಂದು, ಒಂದು ಕಾಳನ್ನು ಕುಕ್ಕಿ ಕೊಕ್ಕಿನಲ್ಲಿ ಹಿಡಿದು, ಉಗುಳಿತು. ಕತ್ತು ಓರೆಮಾಡಿ ಅದನ್ನೇ ಸ್ವಲ್ಪ ಹೊತ್ತು ನೋಡಿ, ಪಕ್ಕದಲ್ಲಿ ಬಿದ್ದಿದ್ದ ಇನ್ನೊಂದರ ಕಡೆಗೆ ಕಾಲಿಟ್ಟಿತು.